ಇಡ್ಲಿ ಪಾತ್ರೆಯ ಬಾಣಂತಿ ನೀರು

ಮಗು ಹುಟ್ಟಿದ ಸುದ್ದಿ ಬಂದಾಗ ನಾನು ಡೊಂಬಿವಲಿಯ ಮನೆಯಲ್ಲಿ ಒಬ್ಬಳೇ ಕೂತು ತೊಂಡೆಕಾಯಿ ಹೆಚ್ಚುತ್ತಿದ್ದೆ. ಅಳಿಯ ಫೋನು ಮಾಡಿದ್ದ. ಅವನು ಮರಾಠಿಯವನು. "ಆಯೀ, ಮುಲ್ಗೀ ಝಾಲೀ," ಎಂದ. ಹೆಣ್ಣು! ಈಳಿಗೆಮಣೆಯ ಮೇಲೆ ನನ್ನ ಕೈ ಜಾರಿತು. ಬೆರಳು ಉಳಿದದ್ದು ದೇವರ ದಯೆ. ಆಪರೇಷನ್ ಮಾಡಿ ತೆಗೆದರಂತೆ, ಮಗಳು ಚೆನ್ನಾಗಿದ್ದಾಳಂತೆ, ಆಸ್ಪತ್ರೆಯಲ್ಲಿ ಒಬ್ಬರನ್ನು ಮಾತ್ರ ಒಳಗೆ ಬಿಡುತ್ತಾರಂತೆ, ಹಾಗಾಗಿ ನಾನು ಮಗಳು ಮನೆಗೆ ಬರುವ ದಿನ ಬರಬೇಕಂತೆ. ಎಲ್ಲದಕ್ಕೂ "ಹೋ ಹೋ" ಎಂದು ಅವನ ಭಾಷೆಯಲ್ಲೇ ಹೂಂಗುಟ್ಟಿದೆ. ಫೋನು ಇಟ್ಟ ಮೇಲೆ ಮನೆಯೊಳಗೆ ಫ್ಯಾನಿನ ಸದ್ದು ಬಿಟ್ಟರೆ ಬೇರೆ ಸದ್ದಿರಲಿಲ್ಲ.

ಇಷ್ಟು ದೊಡ್ಡ ಸಂತೋಷವನ್ನು ಯಾರಿಗೆ ಹೇಳುವುದು? ಕೇಳಬೇಕಾದ ಮನುಷ್ಯ, ನನ್ನ ಗಂಡ, ಗೋಡೆಯ ಮೇಲಿನ ಫೋಟೋದಲ್ಲಿ ಹಾರ ಹಾಕಿಸಿಕೊಂಡು ನಗುತ್ತಿದ್ದರು. ಪಕ್ಕದ ಮನೆಗೆ ಬೀಗ, ಎದುರಿನ ಮನೆಯವರು ಹೊಸಬರು. ತಡೆಯಲಾಗದೆ ಕೆಳಗಿಳಿದು ಗೇಟಿನ ಬಳಿ ಇಸ್ತ್ರಿ ಮಾಡುವವನಿಗೆ ಹೇಳಿದೆ, "ನಾನು ಅಜ್ಜಿ ಆದೆ!"

"ವಾಹ್ ಮಾಜೀ! ಲಡಕಾ ಯಾ ಲಡಕೀ?"

"ಲಡಕೀ!"

ಅವನ ಮುಖ ಸ್ವಲ್ಪ ಸಪ್ಪಗಾಯಿತು. ಇಸ್ತ್ರಿ ಪೆಟ್ಟಿಗೆ ಪಕ್ಕಕ್ಕಿಟ್ಟು ನನಗೆ ಸಮಾಧಾನ ಹೇಳಿದ. "ಕೋಯೀ ಬಾತ್ ನಹೀ ಮಾಜೀ. ಘರ್ ಮೇ ಲಕ್ಷ್ಮೀ ಆಯೀ ಹೈ."

ನನಗೆ ನಗು ತಡೆಯಲಿಲ್ಲ. ಪಾಪ, ಅವನಿಗೇನು ಗೊತ್ತು? ಉಡುಪಿ ಕಡೆಯ ನಮ್ಮಂಥ ಮನೆಗಳಲ್ಲಿ ಕುಲ ನಡೆಯುವುದು ತಾಯಿಯ ಕಡೆಯಿಂದ. ಗಂಡು ಮಕ್ಕಳು ಎಷ್ಟಿದ್ದರೂ ಅವರ ಮಕ್ಕಳು ಅವರವರ ತಾಯಿಯ ಮನೆಗೆ ಸೇರಿದವರು. ಹೆಣ್ಣು ಹುಟ್ಟದಿದ್ದರೆ ಆ ಮನೆ ಅಲ್ಲಿಗೆ ಮುಗಿಯಿತು. ನನಗೆ ಒಬ್ಬಳೇ ಮಗಳು. ಅವಳಿಗೆ ನಲವತ್ತು ಹತ್ತಿರ ಬಂದ ಮೇಲೆ ಈಗ ಹೆಣ್ಣು ಹುಟ್ಟಿದೆ. ಇದನ್ನೆಲ್ಲ ಇಸ್ತ್ರಿಯವನಿಗೆ ಹಿಂದಿಯಲ್ಲಿ ಬಿಡಿಸಿ ಹೇಳಲು ನನ್ನಿಂದಾಗುತ್ತದೆಯೇ? "ಹಾಂ, ಲಕ್ಷ್ಮೀ," ಎಂದು ಮೇಲೆ ಬಂದೆ. ತೊಂಡೆಕಾಯಿ ಹಾಗೇ ಬಿದ್ದಿತ್ತು. ಪಲ್ಯ ಮಾಡಿ ಒಬ್ಬಳೇ ಉಂಡೆ. ಆ ದಿನ ಪಾಯಸ ಮಾಡಬೇಕಿತ್ತು. ಒಬ್ಬಳಿಗೆ ಪಾಯಸ ಮಾಡುವ ಮನಸ್ಸು ಹೇಗೆ ಬರುತ್ತದೆ?

ನಾನು ಓದಿದ್ದು ನಾಲ್ಕನೇ ಕ್ಲಾಸು. ದೊಡ್ಡ ವಿಷಯಗಳು ನನಗೆ ತಿಳಿಯುವುದಿಲ್ಲ. ಆದರೆ ಹೆರುವುದು, ಹೆರದಿರುವುದು, ಹೆತ್ತ ಮೇಲೆ ಮೈ ನೋಡಿಕೊಳ್ಳುವುದು, ಇವು ಮೂರು ಹೇಗೆ ಹೇಗೆ ಬದಲಾಗುತ್ತಾ ಬಂದವು ಎಂಬುದನ್ನು ಕಣ್ಣಾರೆ ಕಂಡಿದ್ದೇನೆ. ನನ್ನ ಅಮ್ಮ ಎಂಟು ಹೆತ್ತಳು, ಐದು ಉಳಿದವು. ಅವಳ ಕಾಲದಲ್ಲಿ ಮಕ್ಕಳಾಗದಂತೆ ತಡೆಯುವ ಮಾತ್ರೆ ಎಲ್ಲಿತ್ತು? ಹೆರಿಗೆಗೆಂದು ತವರಿಗೆ ಬಂದವಳು ಮಗು ಅಂಬೆಗಾಲಿಟ್ಟು, ಎದ್ದು ನಿಂತು, ಅನ್ನ ತಿನ್ನುವವರೆಗೂ ಗಂಡನ ಮನೆಗೆ ಹೋಗುತ್ತಿರಲಿಲ್ಲ. ಗಂಡ ಬಂದರೆ ಜಗಲಿಯಲ್ಲಿ ಮಾತಾಡಿಸಿ, ಊಟ ಬಡಿಸಿ, ಕತ್ತಲಾಗುವ ಮೊದಲು ಕಳಿಸುತ್ತಿದ್ದರು. ಬಾಗಿಲ ಹತ್ತಿರ ನನ್ನ ಅಜ್ಜಿ ಕೂತಿರುತ್ತಿದ್ದಳು, ಮಡಿಲಲ್ಲಿ ಎಲೆ ಅಡಿಕೆ ಇಟ್ಟುಕೊಂಡು. ಆಗಿನ ಕಾಲದ ಮಾತ್ರೆ ಎಂದರೆ ತವರುಮನೆಯ ಆ ಬಾಗಿಲು, ಬಾಗಿಲಲ್ಲಿ ಕೂತ ಆ ಮುದುಕಿ. ಅದೂ ಸಾಲದೆ ಮತ್ತೆ ಬಸಿರಾದವರು ಯಾವುದೋ ಬೇರು ತೇಯ್ದು ಕುಡಿಯುತ್ತಿದ್ದರು. ಕುಡಿದು ಬದುಕಿದವರು ಆ ಮಾತು ಎತ್ತುತ್ತಿರಲಿಲ್ಲ. ಸತ್ತವರಿಗೆ ಜ್ವರ ಬಂದಿತ್ತು ಎಂದು ಹೇಳುತ್ತಿದ್ದರು.

ಬಾಣಂತನ ಮಾತ್ರ ಅಮ್ಮನ ಕೈಯದ್ದೇ ಆಗಬೇಕು. ಎಣ್ಣೆ ಹಚ್ಚಿ ತಿಕ್ಕಿ, ಸೊಪ್ಪು ಹಾಕಿ ಕುದಿಸಿದ ನೀರನ್ನು ಹದ ಮಾಡಿ, ಬೆನ್ನಿಗೆ, ಸೊಂಟಕ್ಕೆ, ಹೊಟ್ಟೆಗೆ ಬೀಸಿ ಬೀಸಿ ಹೊಯ್ಯಬೇಕು. ಆಮೇಲೆ ಹೊಟ್ಟೆಗೆ ಹಳೇ ಸೀರೆ ಬಿಗಿಯಾಗಿ ಸುತ್ತಿ ಮಲಗಿಸಬೇಕು. ಮಗಳು ಬಸಿರಾಗಿ ಮೂರು ತಿಂಗಳು ತುಂಬಿದಾಗಿನಿಂದ ನನ್ನ ತಲೆಯಲ್ಲಿ ಇದೊಂದೇ ಇತ್ತು. ಈ ಮುದಿ ಕೈಗೆ ಇನ್ನು ಬೇರೆ ಏನು ಕೆಲಸ ಉಳಿದಿದೆ? ಅವಳಿಗೆ ಆ ನೀರನ್ನು ನಾನು ಹೊಯ್ದರೆ ಸಾಕು, ನನ್ನ ಲೆಕ್ಕದಲ್ಲಿ ಜೀವನ ಮುಗಿದಂತೆ. ಬಲಗೈ ಭುಜಕ್ಕಿಂತ ಮೇಲೆ ಏಳುವುದಿಲ್ಲ ಎಂಬುದನ್ನು ಯಾರಿಗೂ ಹೇಳಿರಲಿಲ್ಲ. ಎಡಗೈ ಇದೆಯಲ್ಲ.

ಮಗಳ ಮನೆ ಖಾರಘರದಲ್ಲಿ, ಗುಡ್ಡದ ಬುಡದಲ್ಲಿ ಎದ್ದಿರುವ ಎತ್ತರದ ಕಟ್ಟಡದಲ್ಲಿ. ಅವಳು ಆಸ್ಪತ್ರೆಯಿಂದ ಬರುವ ದಿನ ನಾನೂ ಗಂಟು ಕಟ್ಟಿಕೊಂಡು ಹೊರಟೆ. ಅರಿಶಿನ ಹಾಕಿ ಕಾಯಿಸಿದ ತೆಂಗಿನೆಣ್ಣೆ, ಕಷಾಯದ ಪುಡಿ, ಮೆಂತೆ, ಓಮ, ನನ್ನ ಮೂರು ಹತ್ತಿ ಸೀರೆ. ಥಾಣೆಯಲ್ಲಿ ಗಾಡಿ ಬದಲಿಸಿ ಪನ್ವೇಲ್ ಕಡೆಯ ಲೋಕಲ್ ಹತ್ತಿದೆ. ಹೆಂಗಸರ ಡಬ್ಬಿಯಲ್ಲಿ ಪಕ್ಕದವಳು ಬಟಾಣಿ ಸುಲಿಯುತ್ತಿದ್ದಳು. ಅವಳಿಗೂ ಹೇಳಿದೆ, ಅಜ್ಜಿ ಆದೆ ಎಂದು. ಅವಳು ಒಂದು ಮುಷ್ಟಿ ಬಟಾಣಿ ನನ್ನ ಕೈಗೆ ಹಾಕಿ, "ಹಾಗಾದರೆ ಬಾಯಿ ಸಿಹಿ ಮಾಡಿಕೊಳ್ಳಿ," ಎಂದು ಮರಾಠಿಯಲ್ಲಿ ನಕ್ಕಳು. ಘಣಸೋಲಿ ಬಂತು, ಇಳಿದು ಹೋದಳು. ಬಟಾಣಿಯನ್ನು ಒಂದೊಂದಾಗಿ ತಿನ್ನುತ್ತಾ ಕಿಟಕಿಯಿಂದ ಹೊರಗೆ ನೋಡುತ್ತಾ ಕೂತೆ. ನಿಜವಾಗಿಯೂ ಸಿಹಿ ಇತ್ತು.

ಬಾಗಿಲು ತೆರೆದದ್ದು ನನಗೆ ಗುರುತಿಲ್ಲದ ಹೆಂಗಸು. ಭಿವಂಡಿ ಕಡೆಯವಳು, ಗಟ್ಟಿಮುಟ್ಟು ಮೈ, ವಯಸ್ಸು ನನ್ನ ಮಗಳಿಗಿಂತ ಕಡಿಮೆ. ಇಲ್ಲಿ ಬಾಣಂತನಕ್ಕೆಂದೇ ಸಂಬಳಕ್ಕೆ ಬರುವ ಇಂಥವರನ್ನು ಜಾಪಾ ಬಾಯಿ ಎನ್ನುತ್ತಾರೆ. ಮಗಳು ಮೊದಲೇ ಗೊತ್ತು ಮಾಡಿದ್ದಳು, ನನಗೆ ಹೇಳಿರಲಿಲ್ಲ.

"ಅಮ್ಮ, ನೀನು ಆರಾಮ್ ಮಾಡು. ಇಷ್ಟು ವರ್ಷ ಮಾಡಿದ್ದು ಸಾಕು," ಎಂದಳು ಮಗಳು, ಹಾಸಿಗೆಯಲ್ಲಿ ಒರಗಿಕೊಂಡು. "ಬೇಬಿ ಹತ್ರ ಕೂತ್ಕೋ ಅಷ್ಟೇ."

"ನೀರು ಯಾರು ಹೊಯ್ಯುವುದು?"

"ಟಾಂಕೆ ಇದ್ದಾವೆ ಅಮ್ಮ, ಹೊಲಿಗೆ! ಈಗ ನೀರು ಗೀರು ಏನೂ ಇಲ್ಲ. ಡಾಕ್ಟರ್ ಬೇಡ ಅಂತ ಮನಾ ಮಾಡಿದ್ದಾರೆ."

ಪ್ರೀತಿಯಿಂದಲೇ ಹೇಳಿದ್ದು. ನನಗೆ ಮಾತ್ರ ನೆಂಟರ ಮನೆಗೆ ಬಂದ ಹಾಗಾಯಿತು. ಗಂಟು ಬಿಚ್ಚದೆ ಸೋಫಾದ ಹಿಂದೆ ಇಟ್ಟೆ. ಜಾಪಾ ಬಾಯಿ ಮಗುವನ್ನು ತಿಕ್ಕುತ್ತಿದ್ದಳು, ಬಾಯಿ ಬಟ್ಟೆ ಬದಲಿಸುತ್ತಿದ್ದಳು, ಬಾಯಿ ಮಗಳಿಗೆ ರವೆಯ ಶಿರಾ ಮಾಡಿಕೊಡುತ್ತಿದ್ದಳು. ನನ್ನ ಮಡಿಲಿಗೆ ಮಗು ಬರುತ್ತಿದ್ದುದು ಹಾಲು ಕುಡಿದು, ತೇಗಿ, ನಿದ್ದೆ ಬಂದ ಮೇಲೆ. ಮಗುವಿನ ಕಿವಿ ಥೇಟ್ ನನ್ನ ಗಂಡನದ್ದು, ಮೇಲ್ಗಡೆ ಸ್ವಲ್ಪ ಮಡಚಿದ್ದು. "ನೋಡು, ಅಪ್ಪನ ಕಿವಿ!" ಎಂದು ಕೂಗಬೇಕೆನಿಸುತ್ತಿತ್ತು. ಮಗಳು ನಿದ್ದೆಯಲ್ಲಿ, ಅಳಿಯ ಲ್ಯಾಪ್‌ಟಾಪಿನಲ್ಲಿ. ನನ್ನ ಬಾಯಿಯವರೆಗೆ ಬಂದ ಮಾತು ಮತ್ತೆ ಕೆಳಗಿಳಿಯುತ್ತಿತ್ತು. ಸಂತೋಷ ಇಷ್ಟು ಭಾರ ಎಂದು ಗೊತ್ತಿರಲಿಲ್ಲ.

ಕೈಯಲ್ಲಿ ಕೆಲಸವಿಲ್ಲದವಳಿಗೆ ಕಣ್ಣು ಸುಮ್ಮನಿರುವುದಿಲ್ಲ. ಮಗಳ ತಲೆದೆಸೆಯಲ್ಲಿ ದೊಡ್ಡ ನೀರಿನ ಬಾಟಲಿ ಇತ್ತು. ಅವಳು ಆಗಾಗ ಗಟಗಟ ಕುಡಿಯುತ್ತಿದ್ದಳು. ನನ್ನ ಜೀವ ಹಾರಿತು. ಹಸಿ ಬಾಣಂತಿ ತಣ್ಣೀರು ಕುಡಿದರೆ ಹೊಟ್ಟೆ ಇಳಿಯುವುದಿಲ್ಲ, ಮಗುವಿಗೆ ಶೀತ. ನಮ್ಮ ಮನೆಯಲ್ಲಿ ಬಾಣಂತಿಗೆ ಬಾಯಿ ಒದ್ದೆಯಾಗುವಷ್ಟೇ ನೀರು ಕೊಡುತ್ತಿದ್ದರು, ಅದೂ ಕುದಿಸಿ ಆರಿಸಿದ್ದು. ಅಕ್ಕ ಬಾಯಾರಿ ಅಳುತ್ತಿದ್ದಾಗ ಅಮ್ಮ ಚೆಂಬನ್ನು ಅಟ್ಟದ ಮೇಲೆ ಇಟ್ಟದ್ದು ನೆನಪಿದೆ. ನಾನೂ ಬಾಟಲಿಯನ್ನು ಮೆಲ್ಲಗೆ ತೆಗೆದು ಅಡುಗೆಮನೆಯ ಕಪಾಟಿನಲ್ಲಿಟ್ಟೆ. ಜಾಪಾ ಬಾಯಿ ಅದನ್ನು ತುಂಬಿಸಿ ತಂದಾಗಲೆಲ್ಲ ಅವಳ ಬೆನ್ನ ಹಿಂದೆಯೇ ತೆಗೆದಿಟ್ಟೆ. ಕಷಾಯ ಮಾತ್ರ ಸಣ್ಣ ಲೋಟದಲ್ಲಿ ಕೊಟ್ಟೆ. ಕೊನೆಗೂ ಒಂದು ಕೆಲಸ ಸಿಕ್ಕಿತಲ್ಲ ಎಂದು ಒಳಗೊಳಗೇ ಹಿಗ್ಗಿದ್ದೆ.

ಮಾರನೆಯ ದಿನ ಮಗಳಿಗೆ ತಲೆ ಎತ್ತಲಾಗದಷ್ಟು ನೋವು. ತುಟಿ ಒಣಗಿತ್ತು. ಎದೆ ಹಾಲು ಕಡಿಮೆಯಾಗಿ ಮಗು ಕಿರುಚುತ್ತಿತ್ತು. ಅಳಿಯ ಡಾಕ್ಟರಿಗೆ ಫೋನು ಹಚ್ಚಿದ. ಆ ಕಡೆಯಿಂದ ಮೊದಲು ಕೇಳಿದ್ದೇ, ನೀರು ಎಷ್ಟು ಕುಡಿಯುತ್ತಿದ್ದಾಳೆ ಎಂದು. ಜಾಪಾ ಬಾಯಿ ಹೋಗಿ ಕಪಾಟು ತೆರೆದಳು. ತುಂಬಿದ ಬಾಟಲಿ ಅಲ್ಲೇ ನಿಂತಿತ್ತು.

"ಆಜೀ, ಪಾನಿ ಬಂದ್ ಮತ್ ಕರೋ," ಎಂದಳು ಮೆಲ್ಲಗೆ. "ಮೇರೀ ಸಾಸೂ ಭೀ ಐಸಾ ಹೀ ಕರ್ತೀ ಥೀ." ಅವಳ ಅತ್ತೆಯೂ ಹೀಗೇ ನೀರು ನಿಲ್ಲಿಸುತ್ತಿದ್ದಳಂತೆ.

ಅಳಿಯ ಬಾಟಲಿ ತಂದು ಮಗಳ ತಲೆದೆಸೆಯಲ್ಲಿಟ್ಟ. ಮಗಳೇ ಅಂದಳು. "ಅಮ್ಮ, ನೀನು ಸಹಾಯ ಮಾಡ್ಬೇಡ. ಪ್ಲೀಸ್. ಏನೂ ಮಾಡ್ಬೇಡ."

ಬಾಲ್ಕನಿಗೆ ಹೋಗಿ ನಿಂತೆ. ಎದುರಿಗೆ ಗುಡ್ಡ, ಕೆಳಗೆ ಬೆಂಕಿಪೆಟ್ಟಿಗೆಯಷ್ಟು ಕಾರುಗಳು. ಅಷ್ಟೊಂದು ಕಿಟಕಿಗಳಲ್ಲಿ ನನ್ನ ಗುರುತಿನ ಮುಖ ಒಂದೂ ಇಲ್ಲ. ನಾಳೆ ಡೊಂಬಿವಲಿಗೆ ಹೋಗಿಬಿಡುವುದು ಎಂದುಕೊಂಡೆ. ಅಲ್ಲಿಯೂ ಯಾರೂ ಇಲ್ಲ. ಆದರೆ ಅಲ್ಲಿ ಯಾರೂ ಇಲ್ಲದಿರುವುದು ಅಭ್ಯಾಸವಾಗಿದೆ.

ಮಾರನೆಯ ಮಧ್ಯಾಹ್ನ ಬಾಯಿ ಅರ್ಧ ದಿನ ರಜೆಯ ಮೇಲೆ ಹೋಗಿದ್ದಳು, ಅಳಿಯ ಆಫೀಸಿನಲ್ಲಿ. ಮಗಳಿಗೆ ತಲೆನೋವು ಇಳಿದಿತ್ತು. ನಾನು ಸೋಫಾದ ಹಿಂದಿನ ಗಂಟು ಎತ್ತಿಕೊಂಡು ಅವಳ ಕೋಣೆಯ ಬಾಗಿಲಲ್ಲಿ ನಿಂತೆ, ಹೇಳಿ ಹೋಗೋಣ ಎಂದು. ಅವಳು ಗಂಟನ್ನು ನೋಡಿದಳು, ಹೋಗಬೇಡ ಎನ್ನಲಿಲ್ಲ. ಅವಳಿಗೆ ಹಾಗೆಲ್ಲ ಬಾಯಿಬಿಟ್ಟು ಹೇಳಲು ಬರುವುದಿಲ್ಲ. ಅಪ್ಪನ ಹಾಗೆ.

"ನಿಂಗೂ ಹೀಗೇ ನೀರು ಕೊಡದೆ ಕೊಂದಿದ್ರಾ, ನಾನು ಹುಟ್ಟಿದಾಗ?" ಎಂದಳು.

ಹೌದು ಎನ್ನಲು ಬಾಯಿ ತೆರೆದಾಗ ನೆನಪಾಯಿತು. ನನಗೆ ನೀರು ಕೊಟ್ಟಿದ್ದರು! ಬೇಕಾದಷ್ಟು. ಹೊಟೇಲಿನ ಫ್ಲಾಸ್ಕಿನಲ್ಲಿ, ಜೀರಿಗೆ ಹಾಕಿ ಕುದಿಸಿದ ಬಿಸಿನೀರು.

"ಇಲ್ಲ ಮಗಾ. ನಿನ್ನ ಅಪ್ಪ ಕೊಡ್ತಿದ್ರು."

"ಅಪ್ಪಾನಾ?"

ಗಂಟು ಕೆಳಗಿಟ್ಟು ಹಾಸಿಗೆಯ ತುದಿಯಲ್ಲಿ ಕೂತೆ. ಅವಳಿಗೆ ಹೇಳಿದ್ದನ್ನೇ ಇಲ್ಲಿಯೂ ಹೇಳುತ್ತೇನೆ.

ಅವಳು ಹುಟ್ಟುವಾಗ ನಾವು ಡೊಂಬಿವಲಿಯ ಚಾಳಿನಲ್ಲಿ, ವಠಾರದಂಥ ಕಟ್ಟಡದ ಒಂದು ಕೋಣೆಯಲ್ಲಿದ್ದೆವು. ನನ್ನ ಗಂಡ ಕಲ್ಯಾಣ ಸ್ಟೇಷನ್ ಹತ್ತಿರದ ಹೊಟೇಲಿನಲ್ಲಿ ಇಡ್ಲಿ ಬೇಯಿಸುವ ಕೆಲಸದಲ್ಲಿದ್ದರು. ದಿನ ತುಂಬುವ ಮೊದಲೇ ನೋವು ಬಂದದ್ದರಿಂದ ಊರಿಗೆ ಹೋಗಲಾಗಲಿಲ್ಲ. ಅತ್ತ ಅಕ್ಕನ ಹೆರಿಗೆಯೂ ಆಗಲೇ, ಅಮ್ಮ ಅವಳನ್ನು ಬಿಟ್ಟು ಬರುವಂತಿರಲಿಲ್ಲ. ನಾನು ಆಸ್ಪತ್ರೆಯಿಂದ ಮನೆಗೆ ಬಂದೆ, ಕೈಯಲ್ಲಿ ಮಗು, ನೋಡಿಕೊಳ್ಳಲು ಯಾರೂ ಇಲ್ಲ. ಎದೆ ಒಡೆಯುವ ಹಾಗೆ ಅತ್ತೆ. ಗಂಡ ಬಾಗಿಲಲ್ಲಿ ನಿಂತು ನೋಡಿದರು. ಮರುದಿನ ಬೆಳಗಿನ ಇಡ್ಲಿ ಮುಗಿಸಿ ಬರುವಾಗ ಹೊಟೇಲಿನ ಹಳೇ ಇಡ್ಲಿ ಪಾತ್ರೆಯನ್ನು ಹೆಗಲ ಮೇಲೆ ಹೊತ್ತು ತಂದರು. ತಳ ಕಪ್ಪಾದ, ಒಳಗೆ ಮಗು ಕೂರಬಹುದಾದಷ್ಟು ದೊಡ್ಡ ಪಾತ್ರೆ.

"ಇದೆಂತದ್ದು?" ಎಂದೆ.

"ನೀರು ಕಾಯಿಸ್ಲಿಕ್ಕೆ."

"ಯಾರು ಹೊಯ್ಯುವುದು?"

"ನಾನು. ಮತ್ತೆ ಯಾರು ಉಂಟು ಇಲ್ಲಿ?"

ನಾಚಿಕೆಯಿಂದ ಸತ್ತೇ ಹೋದೆ. ಬಾಣಂತಿಯ ಬಚ್ಚಲಿಗೆ ಗಂಡಸು ಕಾಲಿಡುವುದನ್ನು ನಮ್ಮ ಏಳು ತಲೆಮಾರು ಕೇಳಿಲ್ಲ. ಕೋಣೆಯ ಮೂಲೆಯಲ್ಲಿ ಮೊಣಕಾಲೆತ್ತರದ ಕಟ್ಟೆ ಕಟ್ಟಿದ ಮೋರಿ, ಅದೇ ನಮ್ಮ ಬಚ್ಚಲು. ಅದಕ್ಕೊಂದು ಹಳೇ ಪಂಚೆಯ ಪರದೆ. ಪಕ್ಕದ ಕೋಣೆಯ ಮರಾಠಿ ಹೆಂಗಸು, ನಾವೆಲ್ಲ ಕಾಕು ಎಂದು ಕರೆಯುತ್ತಿದ್ದವಳು, ಬಂದು ಪರದೆಯ ಈಚೆ ಕೂತಳು. ಮಂಡಿನೋವಿನವಳು, ತನ್ನಿಂದ ಬಗ್ಗಲಾಗದು, ಆದರೆ ಹೇಳಿಕೊಡಬಲ್ಲೆ ಎಂದಳು.

"ಅಣ್ಣಾ, ಪಾಠೀವರ್! ಬೆನ್ನಿಗೆ, ಬೆನ್ನಿಗೆ! ಜೋರಾತ್! ಗಿಡಕ್ಕೆ ನೀರು ಹಾಕ್ತಾ ಇದ್ದೀಯಾ ಏನು?"

"ಬಿಸಿ ಆಯ್ತಾ?" ಎಂದು ಇವರು ನನ್ನನ್ನು ಕೇಳುವುದು.

"ಅವಳನ್ನೇನು ಕೇಳ್ತೀ? ಇಡ್ಲಿಯನ್ನು ಕೇಳಿ ಬೇಯಿಸ್ತೀಯಾ?" ಎಂದು ಕಾಕು ಹೊರಗಿನಿಂದ ಕೂಗುವುದು.

ಅಳುತ್ತಾ ಕೂತಿದ್ದ ನಾನು ನಕ್ಕುಬಿಟ್ಟೆ. ಹಬೆಯ ಮುಂದೆ ವರ್ಷಗಟ್ಟಲೆ ನಿಂತ ಕೈ ಅದು. ನೀರಿನ ಹದ ಒಂದು ದಿನವೂ ತಪ್ಪಲಿಲ್ಲ. ನೀರು ಕುಡಿಯಬಾರದು ಎಂದು ಕಾಕುವೂ ಹೇಳಿದಳು, ಊರಿನಿಂದ ಅಮ್ಮನೂ ಹೇಳಿ ಕಳಿಸಿದಳು. ಅದೊಂದನ್ನು ಮಾತ್ರ ಇವರು ಕೇಳಲಿಲ್ಲ. "ನೀರು ಹಾಕದೆ ಹಿಟ್ಟು ರುಬ್ಬಲಿಕ್ಕಾಗ್ತದಾ? ಹಾಲು ಎಲ್ಲಿಂದ ಬರಬೇಕು?" ಎಂದು ಫ್ಲಾಸ್ಕು ತುಂಬಿಸಿಟ್ಟು ಹೋಗುತ್ತಿದ್ದರು.

ಆ ಪರದೆಯೊಳಗೆ ಅವರು ಹೆತ್ತ ಮೈ ಎಂದರೇನು ಎಂದು ನೋಡಿದರು. ನಿಲ್ಲದ ರಕ್ತ, ಜೋತ ಹೊಟ್ಟೆ, ಕೂರಲಾರದ ನೋವು. ಜಗಲಿಯಿಂದಲೇ ಹಿಂತಿರುಗುತ್ತಿದ್ದ ನಮ್ಮ ಕಡೆಯ ಗಂಡಸರು ಯಾರೂ ಇದನ್ನು ನೋಡಿರಲಿಲ್ಲ. ಆಮೇಲೆ ನಾನು ಸರಕಾರಿ ದವಾಖಾನೆಗೆ ಹೋಗಿ ತಾಂಬಿ ಹಾಕಿಸಿಕೊಂಡೆ. ಕಾಪರ್ ಟಿಗೆ ಇಲ್ಲಿಯ ಹೆಂಗಸರು ತಾಂಬಿ ಎನ್ನುತ್ತಾರೆ. ಎಷ್ಟೋ ಜನರಿಗೆ ಅದು ಹೊಂದುತ್ತದೆ, ನನ್ನ ಮೈಗೆ ಹೊಂದಲಿಲ್ಲ. ತಿಂಗಳು ತಿಂಗಳು ಹಾಸಿಗೆ ಹಿಡಿಯುವಷ್ಟು ರಕ್ತ ಹೋಗುತ್ತಿತ್ತು, ತೆಗೆಸಬೇಕಾಯಿತು. ಇನ್ನು ನೀನೇ ಆಪರೇಷನ್ ಮಾಡಿಸಿಕೋ ಎಂದರು ಚಾಳಿನವರು. ಇವರು ಯಾರಿಗೂ ಏನೂ ಹೇಳದೆ ಒಂದು ದಿನ ಹೋಗಿ ತಾವೇ ಮಾಡಿಸಿಕೊಂಡು ಬಂದರು. ಗಂಡಸರ ಆಪರೇಷನ್, ನಸಬಂದಿ. ಆ ಹೆಸರು ಕೇಳಿದರೆ ಹೊಟೇಲಿನ ಹುಡುಗರು ಹಿತ್ತಿಲಿಗೆ ಓಡುತ್ತಿದ್ದ ಕಾಲ.

"ಇನ್ನು ನೀವು ಭಾರ ಎತ್ತಲಿಕ್ಕಿಲ್ಲ ಅಣ್ಣಾ," ಎಂದು ಅಡುಗೆಮನೆಯಲ್ಲಿ ಕಿಚಾಯಿಸಿದರಂತೆ. ಡಾಕ್ಟರು ಹೇಳಿದಷ್ಟು ದಿನ ವಿಶ್ರಾಂತಿ ತೆಗೆದುಕೊಂಡು ಹೋದವರೇ, ತುಂಬಿದ ಇಡ್ಲಿ ಪಾತ್ರೆ ಎತ್ತಿಕೊಂಡು ಅವರೆಲ್ಲರ ಮುಂದೆ ಒಂದು ಸುತ್ತು ಬಂದು, ಒಲೆಯ ಮೇಲಿಟ್ಟು, "ಚಟ್ನಿ ಆಯ್ತಾ?" ಎಂದರಂತೆ.

ಅಮ್ಮ ಮಾತ್ರ ಊರಿನಿಂದ ಬಂದು ಬೆಂಕಿಯಾದಳು. "ಒಂದೇ ಹೆಣ್ಣು! ನಾಳೆ ಅದಕ್ಕೆ ಹೆಣ್ಣು ಹುಟ್ಟದಿದ್ದರೆ? ನಿನ್ನ ಗಂಡನಿಗೆಂತ ಹೋಗುವುದು, ಅವನ ಮನೆ ಅವನ ಅಕ್ಕ ತಂಗಿಯರು ನಡೆಸ್ತಾರೆ. ಮುಗಿಯುವುದು ನಮ್ಮದು!" ಇವರು ಅವಳ ಮುಂದೆ ತಲೆ ತಗ್ಗಿಸಿ ನಿಂತು ಹೇಳಿದ್ದು ಒಂದೇ ಮಾತು. "ಮನೆ ನಡೆಯಲಿಕ್ಕೆ ಮೊದಲು ಇವಳು ಬದುಕಬೇಕಲ್ಲ ಅತ್ತೆ."

ಅಮ್ಮ ಸಾಯುವವರೆಗೂ ಆ ಹೆದರಿಕೆಯನ್ನು ನನ್ನ ಕೈಗೆ ಕೊಡುತ್ತಲೇ ಇದ್ದಳು. ಮಗಳ ಮದುವೆಯಾಯಿತು. ಅವಳು ಚಹಾ ಕಪ್ಪಿನ ಪಕ್ಕದಲ್ಲೇ, ಎಲ್ಲರೆದುರಿಗೆ, ಮಾತ್ರೆಯ ಪಟ್ಟಿ ಇಟ್ಟುಕೊಂಡು ನುಂಗುತ್ತಿದ್ದಳು. ನನ್ನ ಅಜ್ಜಿ ಬಾಗಿಲಲ್ಲಿ ಕೂತು ಮಾಡಿದ ಕೆಲಸವನ್ನು ಸಾಸಿವೆಯಷ್ಟು ಮಾತ್ರೆ ಮಾಡುತ್ತದೆಯಲ್ಲ ಎಂದು ಬೆರಗಾಗುತ್ತಿದ್ದೆ. ಮಗು ಬೇಕು ಎಂದಾಗ ಮಗು ಬರಲಿಲ್ಲ. ಆಗ ಅವಳ ಫ್ರಿಜ್ಜಿನಲ್ಲಿ, ನಾನು ಕೊಟ್ಟು ಹೋದ ಇಡ್ಲಿ ಹಿಟ್ಟಿನ ಡಬ್ಬಿಯ ಪಕ್ಕ, ಇಂಜೆಕ್ಷನ್ನಿನ ಪೆಟ್ಟಿಗೆಗಳು. ಹೊಟ್ಟೆಗೆ ತಾನೇ ಚುಚ್ಚಿಕೊಳ್ಳುತ್ತಿದ್ದಳು. ನಾನು ಮುಖ ತಿರುಗಿಸುತ್ತಿದ್ದೆ. ಇವರಾದರೆ ನೋಡುತ್ತಿದ್ದರೋ ಏನೋ. ಅಷ್ಟರಲ್ಲಿ ಅವರು ಹೋಗಿಬಿಟ್ಟಿದ್ದರು.

ನಾನು ಹೇಳಿ ಮುಗಿಸಿದಾಗ ಮಗಳು ಅಳುತ್ತಿದ್ದಳೋ ನಗುತ್ತಿದ್ದಳೋ ತಿಳಿಯಲಿಲ್ಲ. "ಅಪ್ಪ ನಿಂಗೆ ಸ್ನಾನ ಮಾಡಿಸಿದ್ರು. ನಮ್ಮ ಅಪ್ಪ! ನನ್ನ ಮುಂದೆ ಬನಿಯನ್ ಕೂಡ ತೆಗೀತಿರ್ಲಿಲ್ಲ," ಎಂದಳು. ಬಾಟಲಿ ಎತ್ತಿ ನೀರು ಕುಡಿದಳು. ನಾನು ಅದನ್ನು ತೆಗೆದುಕೊಂಡು ಮತ್ತೆ ಅವಳ ತಲೆದೆಸೆಯಲ್ಲೇ ಇಟ್ಟೆ. ಆಮೇಲೆ ಅವಳು, "ಅಮ್ಮ, ಇನ್ನೂ ಎರಡು ಇದ್ದಾವೆ ಗೊತ್ತಾ?" ಎಂದಳು. ಮಗುವಾಗಬಹುದಾದ ಎರಡು ಜೀವದ ಕಣಗಳನ್ನು ಡಾಕ್ಟರು ಮಂಜುಗಡ್ಡೆಯಲ್ಲಿ ಇಟ್ಟಿದ್ದಾರಂತೆ. ಬೇಕೋ ಬೇಡವೋ ಅವಳು ಇನ್ನೂ ಯೋಚಿಸಿಲ್ಲವಂತೆ. ಅಮ್ಮನಿಗೆ ಬರುವುದನ್ನು ತಡೆಯಲು ದಾರಿಯಿರಲಿಲ್ಲ. ಇವಳಿಗೆ ಬರಬೇಕಾದವರು ಬಾಗಿಲ ಹೊರಗೆ ಅಪ್ಪಣೆಗಾಗಿ ಕಾಯುತ್ತಿದ್ದಾರೆ. "ಏನು ಮಾಡ್ಲಿ?" ಎಂದು ಕೇಳಿದಳು. ಅಮ್ಮನ ಹೆದರಿಕೆ ಗಂಟಲಿನವರೆಗೆ ಬಂತು. ಒಂದೇ ಹೆಣ್ಣು! ಅದನ್ನು ಅಲ್ಲೇ ನುಂಗಿದೆ. "ಮೊದಲು ನೀನು ಗಟ್ಟಿಯಾಗು," ಎಂದೆ. ಗಂಟು ತೆಗೆದುಕೊಂಡು ಹೋಗಿ ಕಪಾಟಿನೊಳಗೆ ಇಟ್ಟೆ.

ಹೊಲಿಗೆ ಮಾಗಿ, ಡಾಕ್ಟರು ಇನ್ನು ಬೆಚ್ಚಗಿನ ನೀರಿನ ಸ್ನಾನ ಆಗಬಹುದು ಎಂದ ಮೇಲೆ ಮಗಳೇ ಕರೆದಳು. "ಅಮ್ಮ, ನಿನ್ನ ಎಣ್ಣೆ ಎಲ್ಲಿ?" ಬಾಯಿ ಗುಡ್ಡದ ಬುಡದಿಂದ ಒಂದು ಕಂತೆ ಸೊಪ್ಪು ಕಿತ್ತು ತಂದಿದ್ದಳು. ಅವಳು ನಿರ್ಗುಡಿ ಎಂದಳು, ನಾನು ಮೂಸಿ ನೋಡಿ, ನಮ್ಮ ಕಡೆಯ ನೆಕ್ಕಿ ಸೊಪ್ಪು ಎಂದೆ. ಎರಡೂ ಒಂದೇ ಎಂದು ತಿಳಿದು ಇಬ್ಬರೂ ನಕ್ಕೆವು. ಸೊಪ್ಪು ಹಾಕಿ ನೀರು ಕುದಿಸಿ, ತಣ್ಣೀರು ಬೆರೆಸಿ, ಮೊಣಕೈ ಅದ್ದಿ ಹದ ನೋಡಿದೆ. ಮಗಳು ಬಚ್ಚಲಿನಲ್ಲಿ ಸ್ಟೂಲಿನ ಮೇಲೆ ಕೂತಳು. ನಾನು ತಂಬಿಗೆ ತುಂಬಿಸಿ ಬೀಸಿ ಹೊಯ್ಯಲು ಕೈ ಎತ್ತಿದೆ.

ಏಳಲಿಲ್ಲ. ಎಡಗೈಗೆ ಬದಲಿಸಿದೆ, ನೀರು ಅವಳ ಬೆನ್ನು ಮುಟ್ಟುವ ಮೊದಲೇ ನೆಲಕ್ಕೆ ಸುರಿಯಿತು. ಇಷ್ಟು ದಿನ ಕಾದದ್ದು ಈ ಒಂದು ತಂಬಿಗೆಗೆ. ಮಗಳು ತಿರುಗಿ ನನ್ನ ಭುಜವನ್ನು ನೋಡಿದಳು. ನೀರು ಹೊಯ್ಯಲು ಗಂಡನನ್ನು ಕೂಗಿದಳು.

"ಸುನೋ! ಇಧರ್ ಆವೋ. ಪಾನೀ ಡಾಲ್ನಾ ಹೈ."

"ಮೀ?" ಎಂದ ಅಳಿಯ, ನಾನಾ ಎಂಬಂತೆ ಬಾಗಿಲಲ್ಲಿ ನಿಂತು, ನನ್ನ ಮುಖ ನೋಡಿ. ಅವನ ಕಿವಿ ಕೆಂಪಾಗಿತ್ತು.

ತಂಬಿಗೆಯನ್ನು ಅವನ ಕೈಗೆ ಕೊಟ್ಟೆ. ಹೊರಗೆ ಬಂದು ಬಾಗಿಲು ಎಳೆದುಕೊಂಡು ಅಲ್ಲೇ ಕೂತೆ. ಬಾಯಿ ಮಗುವನ್ನು ತಂದು ನನ್ನ ಮಡಿಲಲ್ಲಿಟ್ಟು ಅಡುಗೆಮನೆಗೆ ಹೋದಳು. ಒಳಗೆ ನೀರು ಬಿದ್ದ ಸದ್ದು ಸಣ್ಣಗೆ ಕೇಳಿಸಿತು, ಭಯಪಟ್ಟು ಹೊಯ್ದ ನೀರು.

"ಪಾಠೀವರ್!" ಎಂದು ಕೂಗಿದೆ. "ಬೆನ್ನಿಗೆ! ಜೋರಾತ್! ಗಿಡಕ್ಕೆ ನೀರು ಹಾಕ್ತಾ ಇದ್ದೀಯಾ?"

ಒಳಗೆ ಮಗಳು ಗಟ್ಟಿಯಾಗಿ ನಕ್ಕಳು. ಮುಂದಿನ ತಂಬಿಗೆ ಸರಿಯಾಗಿ ಬಿತ್ತು, ಚಟೀರ್ ಎಂದು. ನೆಕ್ಕಿ ಸೊಪ್ಪಿನ ಹಬೆ ಬಾಗಿಲ ಸಂದಿಯಿಂದ ಬಂದು ನನ್ನ ಕಾಲಿಗೆ ತಾಗಿತು. "ಕೇಳಿತಾ?" ಎಂದು ಪಕ್ಕಕ್ಕೆ ತಿರುಗಿದೆ, ಇವರಿಗೆ ಹೇಳಲು. ಪಕ್ಕದಲ್ಲಿ ಬಟ್ಟೆ ಒಗೆಯುವ ಮಷೀನು ಮಾತ್ರ ಇತ್ತು. ಮಡಿಲಲ್ಲಿ ಮಗು ಕಣ್ಣು ಬಿಟ್ಟುಕೊಂಡಿತ್ತು. ಅದರ ಮಡಚಿದ ಕಿವಿಗೆ ಬಾಯಿ ಹಚ್ಚಿ, ನಮ್ಮ ಮನೆಮಾತು ತುಳುವಿನಲ್ಲಿ, ಇಡ್ಲಿ ಪಾತ್ರೆಯ ಕತೆಯನ್ನು ಮೊದಲಿನಿಂದ ಹೇಳತೊಡಗಿದೆ.